ಜಡೆಯ ಮೇಲಿನ ಕೈ

ಐವತ್ತು ದಾಟಿದ ಮೇಲೂ ಅವಳನ್ನು ಪುಟ್ಟಿ ಎಂದು ಕರೆಯುವವನು ಒಬ್ಬನೇ ಉಳಿದಿದ್ದ, ಅವಳ ಅಣ್ಣ. ಅವಳು ಕರಡು ತಿದ್ದುವ ಕೆಲಸ ಮಾಡುತ್ತಿದ್ದ ಅಚ್ಚುಕೂಟದಲ್ಲಿ ಎಲ್ಲರಿಗೂ ‘ಪ್ರೂಫ್ ಮೇಡಂ’. ಶನಿವಾರ ಮಧ್ಯಾಹ್ನ ಗ್ರಂಥಾಲಯದ ಮಹಡಿಯಲ್ಲಿ ಅವಳು ನಡೆಸುತ್ತಿದ್ದ ಬರವಣಿಗೆಯ ತರಗತಿಯಲ್ಲಿ ಬರೀ ಮೇಡಂ. ಹಾಗಾಗಿ ಒಂದು ಶನಿವಾರ ಮಹಡಿಯ ಬಾಗಿಲಲ್ಲಿ ಯಾರೋ ನಿಂತು, “ಪುಟ್ಟೀ, ಇದೇ ರೂಮಾ?” ಎಂದು ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುವ ದನಿಯಲ್ಲಿ ಕೇಳಿದಾಗ, ಒಳಗೆ ಬರೆಯುತ್ತಿದ್ದವರೆಲ್ಲ ಪೆನ್ನು ಕೆಳಗಿಟ್ಟು ಮೇಡಂ ಮುಖ ನೋಡಿದರು.

ಹಿಂದಿನ ದಿನ ಅತ್ತಿಗೆ ಫೋನು ಮಾಡಿ ಮುನ್ಸೂಚನೆ ಕೊಟ್ಟಿದ್ದಳು.

“ನಿಮ್ಮಣ್ಣನ್ನ ನಾಳೆಯಿಂದ ನಿನ್ನ ಕ್ಲಾಸಿಗೆ ಕಳಿಸ್ತಾ ಇದೀನಿ, ಬೇಡ ಅನ್ನಬೇಡ. ರಿಟೈರ್ ಆದಾಗಿಂದ ಅಡುಗೆಮನೇಲಿ ನನ್ನ ಹಿಂದೆ ಮುಂದೆ ಸುತ್ತಾಡ್ಕೊಂಡು, ಪಾತ್ರೆ ಇಟ್ಟಿದ್ದು ಸರಿಯಿಲ್ಲ, ಉರಿ ಜಾಸ್ತಿ ಆಯ್ತು ಅಂತ ನನ್ನನ್ನೇ ಬಸ್ಸಿನ ಹಾಗೆ ಓಡಿಸ್ತಿದಾರೆ. ವಾರಕ್ಕೆ ಒಂದು ಮಧ್ಯಾಹ್ನ ನಿನ್ನ ತಲೆ ತಿನ್ನಲಿ, ನನ್ನ ತಲೆಗೆ ರಜಾ ಸಿಗಲಿ.”

“ಅತ್ತಿಗೆ, ಅಣ್ಣ ಬರೀತಾನಾ?”

“ಸಹಿ ಹಾಕೋದು ನೋಡಿದೀನಿ. ಉಳಿದಿದ್ದು ನೀನು ಕಲಿಸು.”

ಅಣ್ಣ ಜೀವಮಾನವಿಡೀ ಬಸ್ಸು ಓಡಿಸಿದವನು. ಅದಕ್ಕೂ ಮೊದಲು, ಮೀಸೆ ಮೂಡುವ ವಯಸ್ಸಿನಲ್ಲಿ, ಲಾರಿಯ ಕ್ಲೀನರ್ ಆಗಿದ್ದವನು. ಅವನ ಬರಹವೆಂದರೆ ಡಿಪೋ ಮ್ಯಾನೇಜರಿಗೆ ಕೊಡುತ್ತಿದ್ದ ವರದಿಗಳು ಮಾತ್ರ. ಮೊದಲ ವಾರಗಳಲ್ಲಿ ಅವನು ಬರೆದು ತಂದದ್ದೂ ಅದೇ ಧಾಟಿಯಲ್ಲಿತ್ತು. ‘ಸದರಿ ನಾಯಿಯು ಎಡಬದಿಯಿಂದ ಏಕಾಏಕಿ ಬಂದ ಕಾರಣ ಸದರಿ ವಾಹನವನ್ನು ನಿಲ್ಲಿಸಲಾಯಿತು’ ಎಂದು ಅವನು ಗಂಭೀರವಾಗಿ ಓದಿದಾಗ, ತರಗತಿಗೆ ಬರುತ್ತಿದ್ದ ಆಸ್ಪತ್ರೆಯ ನರ್ಸೊಬ್ಬಳು ನಗು ತಡೆಯಲಾರದೆ ಕರ್ಚೀಫು ಬಾಯಿಗೆ ಅಡ್ಡ ಹಿಡಿದಳು.

“ಆಮೇಲೆ ನಾಯಿಗೇನಾಯ್ತು ಅಣ್ಣ?” ಎಂದು ನರ್ಸೇ ಕೇಳಿದಳು.

“ನಾಯಿಗೇನಾಗುತ್ತೆ, ಎದ್ದು ಹೋಯ್ತು. ಕಂಡಕ್ಟರು ಅದಕ್ಕೆ ಬನ್ನು ಹಾಕ್ದ. ಅದೆಲ್ಲ ವರದೀಲಿ ಬರಲ್ಲಮ್ಮ.”

“ಅದನ್ನೇ ಬರೀರಿ ಅಣ್ಣ. ನಮಗೆ ವರದಿ ಬೇಡ, ಬನ್ನು ಬೇಕು.”

ಹೀಗೆ ಅವನು ತರಗತಿಗೆಲ್ಲ ಅಣ್ಣನಾದ. ವರ್ಷಗಟ್ಟಲೆ ಮುಚ್ಚಲಾಗದೆ ಉಳಿದಿದ್ದ ಕಿಟಕಿಯ ಬಾಗಿಲಿಗೆ ಎಣ್ಣೆ ಬಿಟ್ಟು ಸರಿಮಾಡಿದ. ಪ್ರಾಸವಿಲ್ಲದೆ ಉಸಿರೂ ಬಿಡದ ಮುದುಕರೊಬ್ಬರು ಆ ಗುಂಪಿನಲ್ಲಿದ್ದರು, ಅವರಿಗೆ ‘ಪ್ರಾಸದ ತಾತ’ ಎಂದೇ ಹೆಸರು. ತಾತ ಪದ್ಯ ಓದುವಾಗ ಎಲ್ಲರೂ ಗಡಿಯಾರ ನೋಡುತ್ತಿದ್ದರೆ ಅಣ್ಣ ಮಾತ್ರ ತಲೆದೂಗುತ್ತಿದ್ದ. ತರಗತಿ ಮುಗಿದ ಮೇಲೆ ಅಣ್ಣ ತಂಗಿ ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದು, ಅಲ್ಲಿನ ಅಂಗಡಿಯಲ್ಲಿ ಟೀ ಕುಡಿದು ಬೀಳ್ಕೊಳ್ಳುತ್ತಿದ್ದರು. ಮದುವೆ ಮಾಡಿಕೊಳ್ಳದೆ ಒಂಟಿಯಾಗಿದ್ದ ಪುಟ್ಟಿಗೆ ವಾರವಿಡೀ ಆ ನಡಿಗೆಯದೇ ನಿರೀಕ್ಷೆ. ಅಣ್ಣ ಇಷ್ಟು ಹತ್ತಿರ, ಇಷ್ಟು ಹೊತ್ತು ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಪುಟ್ಟಿ ಪ್ರತಿ ವಾರ ಒಂದು ಅಭ್ಯಾಸ ಕೊಡುತ್ತಿದ್ದಳು. ಒಂದು ವಾರ, ನಿಮಗೆ ಬೇಕಾದವರೊಬ್ಬರ ಕೈಗಳ ಬಗ್ಗೆ ಬರೆದು ತನ್ನಿ ಎಂದಳು. ಮುಖದ ಬಗ್ಗೆ ಬರೆಯಿರಿ ಎಂದರೆ ಎಲ್ಲರೂ ಚಂದ್ರನನ್ನು ಎಳೆದು ತರುತ್ತಾರೆ, ಕೈಯೆಂದರೆ ಕಣ್ಣಿಟ್ಟು ನೋಡಲೇಬೇಕಾಗುತ್ತದೆ ಎಂಬ ಲೆಕ್ಕ ಅವಳದು. ಅಣ್ಣ ಏನು ಬರೆದಾನು? ಸ್ಟೇರಿಂಗಿನ ಮೇಲಿನ ತನ್ನ ಕೈಗಳ ಬಗ್ಗೆಯೋ, ಅತ್ತಿಗೆಯ ಬಳೆಗಳ ಬಗ್ಗೆಯೋ ಬರೆದಾನು ಎಂದುಕೊಂಡಿದ್ದಳು.

ಅಣ್ಣ ಅಮ್ಮನ ಕೈಗಳ ಬಗ್ಗೆ ಬರೆದು ತಂದಿದ್ದ. ಅವತ್ತು ಅವನ ದನಿ ಬಸ್ಸಿನ ದನಿಯಾಗಿರಲಿಲ್ಲ. ಮೆಲ್ಲಗೆ ಓದಿದ.

‘ನಮ್ಮಮ್ಮ ಒಂದು ಲಾಡ್ಜಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದಳು. ಅವಳ ಬೆರಳ ತುದಿಗಳು ಯಾವಾಗಲೂ ನೆನೆದು, ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಅಪ್ಪ ಸತ್ತ ಮೇಲೆ ನಾನು ಲಾರಿ ಹತ್ತಿದೆ. ಯಾವಾಗಲೋ ಒಮ್ಮೆ ರಜಾ ಸಿಕ್ಕಿ ಊರಿಗೆ ಬಂದರೆ, ಬೀದಿಯ ತಿರುವಿನಿಂದಲೇ ನಮ್ಮ ಬಾಗಿಲು ಕಾಣುತ್ತಿತ್ತು. ಅಮ್ಮ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಕೆಳಗಿನ ಮೆಟ್ಟಿಲ ಮೇಲೆ ನನ್ನ ತಂಗಿ. ಅಮ್ಮನ ಕೈ ತಂಗಿಯ ಜಡೆಯ ಮೇಲೆ. ನಾನು ಉಣ್ಣುವಾಗಲೂ, ಊರೂರಿನ ಸುದ್ದಿ ಹೇಳುವಾಗಲೂ ಆ ಕೈ ಅಲ್ಲಿಂದ ಕದಲುತ್ತಿರಲಿಲ್ಲ. ತಂಗಿ ಒಂದು ಮಾತೂ ಆಡುತ್ತಿರಲಿಲ್ಲ. ತಾಯಿಯ ಕೈ ತಲೆಯ ಮೇಲಿರುವ ಮಗುವಿಗೆ ಮಾತು ಯಾಕೆ ಬೇಕು ಅಂತ ನನಗೆ ಅನ್ನಿಸುತ್ತಿತ್ತು. ಲಾರಿಯ ಕ್ಯಾಬಿನ್ನಿನಲ್ಲಿ ಮುದುಡಿಕೊಂಡು ಮಲಗಿದಾಗ ಹೆದರಿಕೆಯಾದರೆ ಆ ಕೈಯನ್ನು ನೆನೆಸಿಕೊಳ್ಳುತ್ತಿದ್ದೆ. ನನ್ನ ತಂಗಿ ಅದರ ಕೆಳಗೆ ಕ್ಷೇಮವಾಗಿದ್ದಾಳೆ ಅಂದುಕೊಂಡರೆ ಸಾಕು, ನಿದ್ದೆ ಬರುತ್ತಿತ್ತು. ಅಷ್ಟು ಚಂದದ ಜಡೆಯನ್ನು ಅಮ್ಮ ಸತ್ತ ವಾರವೇ ನನ್ನ ತಂಗಿ ಕತ್ತರಿಸಿಕೊಂಡಳು. ಆಮೇಲೆ ಬೆಳೆಸಲೇ ಇಲ್ಲ. ಯಾಕೆ ಅಂತ ನಾನು ಕೇಳಲಿಲ್ಲ. ಆ ಕೈ ಹೋದ ಮೇಲೆ ಜಡೆ ಯಾರಿಗೆ ಬೇಕು.’

ಇನ್ನೂ ಒಂದು ಪುಟವಿತ್ತು. ಅದನ್ನೂ ಓದಿ ಮುಗಿಸಿದ. ನರ್ಸಿನ ಕರ್ಚೀಫು ಈ ಸಲ ಕಣ್ಣಿಗೆ ಹೋಗಿತ್ತು. ಪ್ರಾಸದ ತಾತ ಕನ್ನಡಕ ತೆಗೆದು, ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಕೂತರು. ಆಮೇಲೆ ಎಲ್ಲರ ದೃಷ್ಟಿಯೂ ಒಟ್ಟಿಗೆ ಮೇಡಂ ಕಡೆಗೆ, ಕತ್ತಿನ ಮೇಲಕ್ಕೆ ಕತ್ತರಿಸಿದ ಅವಳ ನರೆಗೂದಲ ಕಡೆಗೆ ತಿರುಗಿತು.

“ಸರಿಯಾಗಿ ಬರೆದಿದೀನಾ ಪುಟ್ಟಿ? ಹೀಗೇ ಅಲ್ವಾ ಇದ್ದಿದ್ದು?” ಎಂದು ಅಣ್ಣ ಕೇಳಿದ.

ಅಮ್ಮನ ಕೈ ಜಡೆಯ ಮೇಲೆ ಇರುತ್ತಿರಲಿಲ್ಲ. ಜಡೆಯನ್ನು ಬುಡದಲ್ಲಿ ಒಂದು ಸುತ್ತು ಸುತ್ತಿ, ಮುಷ್ಟಿಯೊಳಗೆ ಹಿಡಿದಿರುತ್ತಿತ್ತು. ಅಣ್ಣ ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ಸುತ್ತಿ ಆಗಿರುತ್ತಿತ್ತು. ಒಮ್ಮೆ ಎಳೆದರೆ ನಗಬೇಕು, ಇನ್ನೊಮ್ಮೆ ಎಳೆದರೆ ತಲೆ ತಗ್ಗಿಸಬೇಕು. ಮುಂದಿನಿಂದ ನೋಡುವವರಿಗೆ ತಾಯಿ ಮಗಳ ತಲೆ ನೇವರಿಸುತ್ತಾ ಕೂತಂತೆ ಕಾಣುತ್ತಿತ್ತು. ಅಣ್ಣ ಲಾರಿ ಹತ್ತಿ ಹೋದ ಮೇಲೆ ಮನೆಯಲ್ಲಿ ಬೇರೆಯದೇ ಅಮ್ಮ ಇರುತ್ತಿದ್ದಳು. ಬಚ್ಚಲಮನೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿಕೊಂಡು ಲಾಡ್ಜಿಗೆ ಹೋಗುತ್ತಿದ್ದವಳು. ಕಾದ ಇಸ್ತ್ರಿಪೆಟ್ಟಿಗೆಯನ್ನು ಮಗಳ ಕಾಲಿನ ಹತ್ತಿರಕ್ಕೆ ತಂದು ಅಲ್ಲೇ ಹಿಡಿದು ನಿಲ್ಲುತ್ತಿದ್ದವಳು. ಮುಟ್ಟಿಸಿದ್ದು ಕಡಿಮೆ. ಮುಟ್ಟಿಸುತ್ತಾಳೋ ಇಲ್ಲವೋ ಎಂದು ಕಾಯುವಂತೆ ಮಾಡಿದ್ದೇ ಹೆಚ್ಚು. ಯಾಕೆ ಹಾಗಿದ್ದಳು ಎಂಬುದು ಪುಟ್ಟಿಗೆ ಅಂದೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ.

ಎಲ್ಲರೂ ಕಾಯುತ್ತಿದ್ದರು. ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದು ಪ್ರತಿ ವಾರ ಬಾಯಿ ನೋಯುವಷ್ಟು ಹೇಳುವವಳೇ ಅವಳು. ಅಣ್ಣ ಕಂಡದ್ದನ್ನೇ ಬರೆದಿದ್ದ. ಹೊಸ್ತಿಲು ಸರಿಯಾಗಿತ್ತು, ಮೆಟ್ಟಿಲು ಸರಿಯಾಗಿತ್ತು, ಸುಕ್ಕುಗಟ್ಟಿದ ಬೆರಳೂ ಸರಿಯಾಗಿತ್ತು. ತಿದ್ದಬೇಕೆಂದರೆ ಯಾವ ಪದದ ಕೆಳಗೆ ಗೆರೆ ಎಳೆಯುವುದು?

“ತುಂಬಾ ಚೆನ್ನಾಗಿ ಬರೆದಿದೀಯ ಅಣ್ಣ,” ಎಂದಳು. ಅಷ್ಟು ಹೇಳಿ, ನೀರು ಕುಡಿಯುವ ನೆಪ ಮಾಡಿ ಕೆಳಗಿಳಿದು ಹೋದಳು.

ಗ್ರಂಥಾಲಯದವರು ವರ್ಷಕ್ಕೊಮ್ಮೆ ತರಗತಿಯವರ ಬರಹಗಳನ್ನು ಸೇರಿಸಿ ಸಣ್ಣದೊಂದು ಪುಸ್ತಕ ತರುತ್ತಿದ್ದರು, ಕೆಳಗಿನ ಹಾಲಿನಲ್ಲಿ ಓದಿನ ಕಾರ್ಯಕ್ರಮವನ್ನೂ ಇಟ್ಟುಕೊಳ್ಳುತ್ತಿದ್ದರು. ಓದುವವರ ನೆಂಟರಿಷ್ಟರೇ ಕೇಳುವವರು. ಆದರೂ ಗ್ರಂಥಪಾಲಕರಿಗೆ ಅದು ವರ್ಷದ ದೊಡ್ಡ ಸಂಭ್ರಮ. ಸದಾ ಟೈ ಕಟ್ಟಿಕೊಂಡು, ಪುಸ್ತಕ ವಾಪಸು ಕೊಡದವರ ಮನೆಗೇ ಹೋಗಿ ಬಾಗಿಲು ತಟ್ಟುವಂಥ ಮನುಷ್ಯ ಅವರು.

“ಮೇಡಂ, ಈ ಸಲ ನಿಮ್ಮಣ್ಣನವರದೇ ಮೊದಲನೇ ಪುಟ,” ಎಂದರು. “ಇನ್ನೊಂದು ಮಾತು. ಅವರು ಓದೋದಕ್ಕೆ ಮುಂಚೆ ನೀವು ಎದ್ದು ನಾಲ್ಕು ಮಾತಾಡ್ಬೇಕು. ಆ ಜಡೆ ನಿಮ್ಮದೇ ಅಲ್ವಾ. ಅಣ್ಣ ತಂಗಿ ಒಂದೇ ವೇದಿಕೆ ಮೇಲೆ. ಹಾಲೆಲ್ಲ ಕರಗಿ ಹೋಗುತ್ತೆ.”

“ನನಗೆ ಆ ದಿನ ಗಂಟಲು ಸರಿಯಿರಲ್ಲ ಸರ್,” ಎಂದಳು ಪುಟ್ಟಿ.

“ಕಾರ್ಯಕ್ರಮಕ್ಕೆ ಇನ್ನೂ ತಿಂಗಳಿದೆ ಮೇಡಂ.”

“ಗೊತ್ತು ಸರ್.”

ಪುಸ್ತಕ ಅಚ್ಚಾಗುತ್ತಿದ್ದುದು ಅವಳ ಅಚ್ಚುಕೂಟದಲ್ಲೇ. ಅಣ್ಣನ ಬರಹದ ಕರಡು ಅವಳ ಮೇಜಿಗೇ ಬಂತು. ಒಂದು ಕಡೆ ‘ಹೊಸ್ತಿಲು’ ‘ಹೊಸ್ತಿಳು’ ಆಗಿತ್ತು, ತಿದ್ದಿದಳು. ಒಂದು ಅಲ್ಪವಿರಾಮ ಬಿಟ್ಟು ಹೋಗಿತ್ತು, ಹಾಕಿದಳು. ‘ಕ್ಷೇಮವಾಗಿದ್ದಾಳೆ’ ಎಂಬ ಪದದ ಮೇಲೆ ಪೆನ್ಸಿಲು ಬಹಳ ಹೊತ್ತು ನಿಂತಿತ್ತು. ಅಲ್ಲಿ ಕಾಗುಣಿತದ ತಪ್ಪೇನೂ ಇರಲಿಲ್ಲ. ಕೆಳಗೆ ಸಹಿ ಹಾಕಿ ಅಚ್ಚಿಗೆ ಕಳಿಸಿದಳು.

ಅವಳಿಗೆ ಹೇಳುವ ಮನಸ್ಸಿರಲಿಲ್ಲ, ಅದಂತೂ ನಿಜ. ಇಷ್ಟು ವರ್ಷ ಹೇಳದವಳು ಇನ್ನು ಸ್ವಲ್ಪ ವರ್ಷ ತಳ್ಳಿಬಿಡುತ್ತಿದ್ದಳು. ಆದರೆ ಕಾರ್ಯಕ್ರಮದ ಹಿಂದಿನ ಭಾನುವಾರ ಬೆಳಿಗ್ಗೆ ಅಣ್ಣ ಅವಳ ಮನೆಗೆ ಬಂದ. ಕಂಕುಳಲ್ಲಿ ಪೇಪರು ಸುತ್ತಿದ ಚೌಕನೆಯದೇನೋ ಇತ್ತು. ಮುಖ ಊದಿತ್ತು. ಸಣ್ಣವನಿದ್ದಾಗಿನಿಂದಲೂ ಕೋಪ ಬಂದರೆ ಅವನ ಮುಖ ಹಾಗೆ ಊದುತ್ತಿತ್ತು.

“ಮಾತಾಡಲ್ಲ ಅಂದ್ಯಂತೆ.”

“ಗಂಟಲು...”

“ಗಂಟಲಿಗೆ ಏನೂ ಆಗಿಲ್ಲ. ನಾನು ನಲವತ್ತು ವರ್ಷ ಜನರ ಸಬೂಬು ಕೇಳಿದೀನಿ ಪುಟ್ಟಿ. ನಾನು ಡ್ರೈವರು, ಓದಿದವನಲ್ಲ. ನನ್ನ ಪಕ್ಕ ನಿಂತ್ಕೊಳ್ಳೋಕೆ ನಿನಗೆ ನಾಚಿಕೆ ಆಗುತ್ತೆ ಅಂದ್ರೆ ಹೇಳ್ಬಿಡು. ನನಗೇನೂ ಬೇಜಾರಿಲ್ಲ.”

“ಅಣ್ಣ, ಏನು ಮಾತು ಅಂತ ಆಡ್ತೀಯ!”

“ಮತ್ತೆ? ಮಾತಾಡೋದು ಬೇಡ, ಬಿಡು. ಇದನ್ನಾದ್ರೂ ಹಿಡ್ಕೊಂಡು ನನ್ನ ಜೊತೆ ವೇದಿಕೆಗೆ ಬಾ. ನಾನು ಓದುವಾಗ ಮೇಜಿನ ಮೇಲೆ ಇಡೋಣ.” ಪೇಪರು ಬಿಚ್ಚಿ ಅದನ್ನು ಅವಳ ಕೈಗೆ ಕೊಟ್ಟ.

ಅಮ್ಮನ ಫೋಟೋ. ಅಣ್ಣನ ಮನೆಯ ಗೋಡೆಯ ಮೇಲೆ, ಅವಳು ಯಾವಾಗಲೂ ಬೆನ್ನು ಮಾಡಿ ಕೂರುತ್ತಿದ್ದ ಜಾಗದಲ್ಲಿ ಇದ್ದದ್ದು. ಅದನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲು. ಪುಟ್ಟಿ ಅದನ್ನು ಮೇಜಿನ ಮೇಲೆ ಮಕಾಡೆ ಇಟ್ಟಳು. ಬೇಕೆಂದು ಇಟ್ಟದ್ದಲ್ಲ, ಕೈ ತಾನೇ ಹಾಗೆ ಇಟ್ಟಿತು. ಅಣ್ಣ ಅದನ್ನು ನೋಡಿದ.

“ಯಾಕೆ ಹಾಗಿಟ್ಟೆ?”

ಆಗ ಅವಳು ಹೇಳಿದಳು. ಹೆಚ್ಚಿಗೆ ಹೇಳಲಿಲ್ಲ. ಜಡೆ ಹಿಡಿಯುತ್ತಿದ್ದ ಬಗೆ, ಬಚ್ಚಲಮನೆ, ಇಸ್ತ್ರಿಪೆಟ್ಟಿಗೆ. ಒಂದು ಲೋಟ ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಸುಳ್ಳು, ಏನು ಹೇಳ್ತಿದೀಯ, ನಿನಗೆ ಬುದ್ಧಿ ಇದೆಯಾ ಎಂದು ಅವನು ರೇಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಜಗಳವಾಡಬಹುದಿತ್ತು, ಅಳಬಹುದಿತ್ತು. ಅಣ್ಣ ರೇಗಲಿಲ್ಲ. ಒಂದೇ ಸಲಕ್ಕೆ ನಂಬಿದ. ಯಾವಾಗಿನಿಂದಲೋ ತಳದಲ್ಲಿ ಗಡಗಡ ಸದ್ದು ಮಾಡುತ್ತಿದ್ದ ಗಾಡಿಯಲ್ಲಿ ಏನು ಕೆಟ್ಟಿದೆ ಎಂದು ಕೊನೆಗೂ ತಿಳಿದವನಂತೆ ಸುಮ್ಮನೆ ಕೂತ.

“ಒಂದ್ಸಲ ನಾನು ಬಂದಾಗ ನೀನು ಕಾಲಿಗೆ ಬಟ್ಟೆ ಕಟ್ಕೊಂಡಿದ್ದೆ,” ಎಂದ ಆಮೇಲೆ. “ಮೊಳೆ ತುಳಿದಿದೀಯ ಅಂದ್ರು.”

“ಅಮ್ಮ ಅಂದ್ಲು.”

“ನೀನೂ ತಲೆ ಆಡಿಸಿದ್ದೆ.”

“ಜಡೆ ಹಿಡಿದಿದ್ಲು ಅಣ್ಣ.”

ಅವನು ತನ್ನ ಮಂಡಿಗಳನ್ನು ನೋಡಿಕೊಂಡು ಕೂತ. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

“ನನಗೆ ಯಾಕೆ ಹೇಳಲಿಲ್ಲ?”

“ಹೇಳೋಕೆ ಬಂದಿದ್ದೆ ಒಂದ್ಸಲ. ನೀನು ಆಗ ತಾನೇ ಬಸ್ಸಿನ ಕೆಲಸಕ್ಕೆ ಸೇರಿದ್ದೆ. ನಾನು ನಡ್ಕೊಂಡು ಡಿಪೋಗೆ ಬಂದಿದ್ನಲ್ಲ.”

ಅಣ್ಣನ ಮುಖದಲ್ಲಿ ಅವಳು ನೋಡಬಾರದಿತ್ತು ಎಂದುಕೊಂಡ ಏನೋ ಒಂದು ಹಾದುಹೋಯಿತು. ಡಿಪೋಗೆ ಬಂದ ತಂಗಿಯನ್ನು ಅವನು ಖಾಲಿ ಬಸ್ಸಿಗೆ ಹತ್ತಿಸಿಕೊಂಡು, ಪಕ್ಕದಲ್ಲೇ ಕೂರಿಸಿಕೊಂಡು, ಅಂಗಳದಲ್ಲಿ ಎರಡು ಸುತ್ತು ಹಾಕಿಸಿದ್ದ. ಹಾರ್ನ್ ಹೊಡೆಯಲು ಬಿಟ್ಟಿದ್ದ. ಅದನ್ನು ಅವನು ಹೆಂಡತಿಗೆ, ಮಕ್ಕಳಿಗೆ, ತರಗತಿಯ ನರ್ಸಿಗೆ ಕೂಡ ನಗುನಗುತ್ತಾ ಹೇಳಿದ್ದ.

“ನೀನು ಬಸ್ಸು ನೋಡೋಕೆ ಬಂದಿದ್ದೆ ಅಂದ್ಕೊಂಡೆ,” ಎಂದ. “ನಾನೇ ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಬಂದು ಅವಳ ಹತ್ತಿರ ಬಿಟ್ಟೆ. ಒಬ್ಬಳನ್ನೇ ಆಚೆ ಕಳಿಸ್ಬೇಡಮ್ಮ ಅಂತ ಬೈದೆ ಬೇರೆ,” ಎಂದ.

ಆಡಿದ ಮಾತನ್ನು ಬಾಯಿಗೆ ವಾಪಸು ಹಾಕಿಕೊಳ್ಳುವಂತಿದ್ದರೆ ಆ ಕ್ಷಣವೇ ಹಾಕಿಕೊಂಡುಬಿಡುತ್ತಿದ್ದಳು. ಹೇಳಿದರೆ ಭಾರ ಇಳಿಯುತ್ತದೆ ಎಂದು ತರಗತಿಯಲ್ಲಿ ಎಷ್ಟೋ ಜನಕ್ಕೆ ಧೈರ್ಯ ಹೇಳಿದ್ದಳು. ಅವಳ ಭಾರವೇನೂ ಇಳಿಯಲಿಲ್ಲ. ಈಗ ಅದು ಇಬ್ಬರ ಮೇಲೂ ಇತ್ತು, ಅಷ್ಟೇ.

“ಅದನ್ನ ಪುಸ್ತಕದಿಂದ ತೆಗೆಸಿಬಿಡು.”

“ಅಚ್ಚಾಗಿ ಹೊಲಿಗೆನೂ ಆಗಿದೆ ಅಣ್ಣ.”

“ಹರಿದು ಹಾಕೋಕಾಗಲ್ವಾ?”

“ಬೇಡ. ನೀನು ಬರೆದಿದ್ದು ಸುಳ್ಳಲ್ಲ. ನೀನು ಕಂಡಿದ್ದು ಹಾಗೇ ಇತ್ತು.”

“ನಾನು ಕಂಡಿದ್ದನ್ನ ತಗೊಂಡು ಏನು ಮಾಡ್ಲಿ ಈಗ?” ಎಂದ ಅಣ್ಣ. ಕೋಪದಿಂದ ಕೇಳಿದ್ದಲ್ಲ. ಅವಳು ಮೇಡಂ, ಗೊತ್ತಿರಬಹುದು ಎಂಬಂತೆ ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಹೋಗುವಾಗ ಅವನು ಫೋಟೋವನ್ನು ಮತ್ತೆ ಪೇಪರಿನಲ್ಲಿ ಸುತ್ತಿಕೊಂಡ. ಮಡಿಕೆಗಳು ಸರಿಯಾಗಿ ಕೂರದೆ ಮತ್ತೆ ಮತ್ತೆ ಸುತ್ತಿದ. “ನಿಮ್ಮತ್ತಿಗೆಗೆ ಹೇಳ್ಬೇಡ,” ಎಂದು ಹೇಳಿ ಹೋದ.

ಕಾರ್ಯಕ್ರಮಕ್ಕೆ ಅವನು ಬಾರದಿರಲಿ ಎಂದು ಅವಳು ಆಸೆಪಟ್ಟಿದ್ದಳು. ಆದರೆ ಅತ್ತಿಗೆ ಬಿಟ್ಟಾಳೆಯೆ? ಗಂಡನಿಗೆ ಹೊಸ ಷರ್ಟು ಹೊಲಿಸಿ, ಮಗಳು ಅಳಿಯನನ್ನೂ ಕರೆದುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ಡಿಪೋದ ಹಳೆಯ ಗೆಳೆಯರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಗ್ರಂಥಪಾಲಕರು ಮೈಕನ್ನು ತಟ್ಟಿ ನೋಡಿ, ಅಣ್ಣನನ್ನು ‘ಸ್ಟೇರಿಂಗ್ ಹಿಡಿದ ಕೈ ಲೇಖನಿ ಹಿಡಿದಾಗ’ ಎಂದು ಪರಿಚಯಿಸಿದರು. ಪುಟ್ಟಿ ಕೊನೆಯ ಸಾಲಿನ ಮೂಲೆಯಲ್ಲಿದ್ದಳು.

ಅಣ್ಣ ಪುಸ್ತಕವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ಓದತೊಡಗಿದ. ಡಿಪೋದಲ್ಲಿ ಹಾಜರಿ ಕರೆಯುವ ಹಾಗೆ, ಏರಿಳಿತವಿಲ್ಲದೆ ಓದಿದ. ಲಾಡ್ಜು ಬಂತು. ಬೆರಳ ತುದಿಗಳು ಬಂದವು. ಬೀದಿಯ ತಿರುವು ಬಂತು. ‘ಕೆಳಗಿನ ಮೆಟ್ಟಿಲ ಮೇಲೆ ನನ್ನ ತಂಗಿ’ ಎಂದು ಓದಿ ನಿಲ್ಲಿಸಿದ.

ನಿಂತೇ ಇದ್ದ. ತುಟಿ ಆಡಿತು, ದನಿ ಬರಲಿಲ್ಲ. ಸಭೆಯಲ್ಲಿ ಯಾರೋ ಮೂಗೆಳೆದುಕೊಂಡರು. ಇನ್ನೊಬ್ಬರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಅದು ಸಾಲಿನಿಂದ ಸಾಲಿಗೆ ಹರಡಿತು. ತಾಯಿಯ ನೆನಪಿಗೆ ಗಂಟಲು ಕಟ್ಟಿದ ಮಗನಿಗೆ ಧೈರ್ಯ ತುಂಬುವ ಚಪ್ಪಾಳೆ. ಅತ್ತಿಗೆ ಅಳುತ್ತಿದ್ದಳು, ಹೆಮ್ಮೆಯಿಂದ.

“ಮೇಡಂ, ಹೋಗಿ, ಪಾಪ,” ಎಂದು ಪಕ್ಕದಲ್ಲಿದ್ದ ನರ್ಸು ಅವಳ ಮೊಣಕೈ ಹಿಡಿದು ಎಬ್ಬಿಸಿದಳು. “ನೀವು ಓದಿ ಮುಗಿಸಿ.”

ಎಲ್ಲರೂ ತಿರುಗಿ ನೋಡುತ್ತಿದ್ದರು. ಅವಳು ನಡುದಾರಿಯಲ್ಲಿ ನಡೆದು ಹೋಗಿ ಅಣ್ಣನ ಪಕ್ಕ ನಿಂತಳು. ಪುಸ್ತಕ ತೆಗೆದುಕೊಳ್ಳಲು ಕೈ ಚಾಚಿದರೆ ಅವನು ಬಿಡಲಿಲ್ಲ. ಬೇಡ ಎಂಬಂತೆ ತಲೆಯನ್ನು ತುಸುವೇ ಆಡಿಸಿದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಯೇ ಅವಳು ಪುಸ್ತಕ ತೆಗೆದುಕೊಳ್ಳಬೇಕಾಯಿತು. ಅವಳಿಗೆ ಬೇರೆ ದಾರಿ ಕಾಣಲಿಲ್ಲ. ಇಲ್ಲಿ ಏನು ಹೇಳುವುದು? ಯಾರಿಗೆ ಹೇಳುವುದು?

ಓದಿದಳು. ಅಚ್ಚುಕೂಟದಲ್ಲಿ ಕರಡನ್ನು ಗಟ್ಟಿಯಾಗಿ ಓದಿ ಮೂಲದೊಂದಿಗೆ ಹೋಲಿಸುವಾಗ ಅರ್ಥದ ಕಡೆಗೆ ಹೋಗಬಾರದು, ಅಕ್ಷರದ ಮೇಲೆ ಮಾತ್ರ ಕಣ್ಣಿರಬೇಕು. ಹಾಗೆ ಓದಿದಳು. ಅಕ್ಷರ, ಒತ್ತು, ಅಲ್ಪವಿರಾಮ, ಪೂರ್ಣವಿರಾಮ. ‘ಅಮ್ಮನ ಕೈ ತಂಗಿಯ ಜಡೆಯ ಮೇಲೆ.’ ಪೂರ್ಣವಿರಾಮ. ತನ್ನ ಸ್ವಂತ ದನಿ ಮೈಕಿನಿಂದ ಹಿಂತಿರುಗಿ ಬರುತ್ತಿತ್ತು. ಪಕ್ಕದಲ್ಲಿ ಅಣ್ಣ ಕೈ ಕೆಳಗೆ ಬಿಟ್ಟುಕೊಂಡು ತಲೆ ತಗ್ಗಿಸಿ ನಿಂತಿದ್ದ. ಕೊನೆಯ ಸಾಲಿನವರೆಗೂ ಒಂದು ಪದವನ್ನೂ ಬಿಡದೆ, ಬದಲಿಸದೆ ಓದಿ ಮುಗಿಸಿದಳು. ಹಾಲಿನವರೆಲ್ಲ ಎದ್ದು ನಿಂತರು.

ಆಮೇಲೆ ಟೀ ಕೊಡುವ ಕಡೆ, ಗುರುತಿಲ್ಲದ ಹೆಂಗಸೊಬ್ಬರು ಪುಟ್ಟಿಯ ಕೆನ್ನೆ ಮುಟ್ಟಿ, “ಅಂಥ ತಾಯಿ ಎಲ್ಲರಿಗೂ ಸಿಗಲ್ಲ ಕಣಮ್ಮ. ನೀವು ಪುಣ್ಯವಂತರು,” ಎಂದರು. “ಹೌದು,” ಎಂದಳು ಪುಟ್ಟಿ. ಕುಡಿಯದೆಯೇ ಟೀ ಕಪ್ಪನ್ನು ಕೆಳಗಿಟ್ಟಳು.

ಆ ಬರಹ ಆಮೇಲೂ ಸುಮ್ಮನಿರಲಿಲ್ಲ. ಶಾಲೆಯೊಂದರ ಮೇಷ್ಟ್ರು ಪ್ರತಿ ಮಾಡಿಸಿ ಮಕ್ಕಳಿಗೆ ಓದಿ ಹೇಳಿದರು. ಡಿಪೋದ ನೋಟೀಸು ಹಲಗೆಗೆ ಯಾರೋ ಅದನ್ನು ಅಂಟಿಸಿದರು. ದಾರಿಯಲ್ಲಿ ಸಿಕ್ಕವರು ಅಣ್ಣನನ್ನು ನಿಲ್ಲಿಸಿ, ನಿಮ್ಮಮ್ಮನ ಬಗ್ಗೆ ಓದಿದೆ, ನಮ್ಮಮ್ಮನೂ ಹಾಗೇ ಇದ್ದಳು ಎನ್ನುತ್ತಿದ್ದರು. ಅವನು ಹೂಂಗುಡುತ್ತಿದ್ದ. ಬೇರೇನು ಮಾಡಲು ಸಾಧ್ಯವಿತ್ತು? ಹೊಗಳಲು ಬಂದವರಿಗೆ ನಡುಬೀದಿಯಲ್ಲಿ ನಿಂತು ಇಲ್ಲ ಎನ್ನುವುದು ಹೇಗೆ?

ಅತ್ತಿಗೆ ಫೋನು ಮಾಡಿದಾಗ ಹಿಂದಿನ ತಮಾಷೆ ಇರಲಿಲ್ಲ. “ಏನಾಗಿದೆ ಅಂತ ಗೊತ್ತಾಗ್ತಿಲ್ಲ. ಅಡುಗೆಮನೆ ಕಡೆ ಬರ್ತಾನೇ ಇಲ್ಲ. ಪಾತ್ರೆ ಎಲ್ಲಿಟ್ರೂ ಕೇಳಲ್ಲ. ಬಂದು ಬೈದ್ರೆ ಸಾಕಪ್ಪ ಅನ್ನೋ ಹಾಗಾಗಿದೆ. ಅತ್ತೆ ಫೋಟೋ ಗೋಡೇಲಿಲ್ಲ. ಗಾಜು ಒಡೀತು ಅಂತಾರೆ. ಬೀರು ತೆಗೆದು ನೋಡಿದ್ರೆ ಗಾಜು ಚೆನ್ನಾಗೇ ಇದೆ. ನೀವಿಬ್ರೂ ಏನಾದ್ರೂ ಕಿತ್ತಾಡ್ಕೊಂಡ್ರಾ?”

“ಇಲ್ಲ ಅತ್ತಿಗೆ.”

“ಮತ್ತೇನು? ನಿನಗೆ ಗೊತ್ತಿರುತ್ತೆ. ನೀನೇ ಅಲ್ವಾ ಅವರಿಗೆ ಎಲ್ಲ.”

ಒಲೆಯ ಮೇಲೆ ಹಾಲಿಟ್ಟಿದೀನಿ ಎಂದು ಹೇಳಿ ಪುಟ್ಟಿ ಫೋನು ಇಟ್ಟಳು.

ಅವಳು ಒಂದು ಪ್ರಯತ್ನ ಮಾಡಿದಳು. ಶನಿವಾರ ತರಗತಿ ಮುಗಿದ ಮೇಲೆ ನಿಲ್ದಾಣದ ಬೆಂಚಿನ ಮೇಲೆ ಕೂತಾಗ, ವಾರವಿಡೀ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದನ್ನು ಹೇಳಿದಳು.

“ಅಣ್ಣ, ಎಲ್ಲ ದಿನವೂ ಹಾಗಿರಲಿಲ್ಲ. ನನಗೊಂದ್ಸಲ ಜ್ವರ ಬಂದಿತ್ತು. ಅಮ್ಮ ಲಾಡ್ಜಿಗೂ ಹೋಗದೆ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದ್ಲು. ನಿನಗೇನಾದ್ರೂ ಆದ್ರೆ ನಾನು ಬದುಕಲ್ಲ ಅಂದ್ಲು.”

ಅಣ್ಣ ಆಸೆಯಿಂದ ಅವಳ ಕಡೆ ತಿರುಗಿದ. “ಯಾವಾಗ? ಹಳೇ ಮನೇಲಾ, ಲಾಡ್ಜಿನ ಹಿಂದಿನ ಮನೇಲಾ?”

“ಹಳೇ ಮನೇಲಿ.”

“ನಾನಿದ್ನಾ ಊರಲ್ಲಿ?”

“ಇಲ್ಲ. ನೀನು... ಆಗಲೇ ಹೋಗಿದ್ದೆ.”

“ನಾನು ಹೋಗೋ ಹೊತ್ತಿಗೆ ಹಳೇ ಮನೆ ಬಿಟ್ಟಾಗಿತ್ತಲ್ಲ ಪುಟ್ಟಿ.”

ಊರವರ ಕಥೆಗಳಲ್ಲೆಲ್ಲ ಇಂಥ ಎಡವಟ್ಟನ್ನು ಹಿಡಿದು ಹಿಡಿದು ಕೊಡುವವಳು ತಾನೇ ಹೋಗಿ ಅದಕ್ಕೆ ಬಿದ್ದಿದ್ದಳು. ಅಣ್ಣ ಅವಳ ಕೈ ತಟ್ಟಿದ.

“ಬೇಡ ಬಿಡು. ನನಗೋಸ್ಕರ ಹೇಳ್ತಿದೀಯ ಅಂತ ಗೊತ್ತಾಯ್ತು.”

ಅಂದಿನಿಂದ ಬೇರೆಯದೇ ಒಂದು ಶುರುವಾಯಿತು. ಅಣ್ಣ ತರಗತಿಗೆ ಬರುವುದನ್ನು ಬಿಡಲಿಲ್ಲ. ಬೆಂಚು ಸರಿಪಡಿಸುತ್ತಾನೆ, ತಾತನ ಪದ್ಯಕ್ಕೆ ತಲೆದೂಗುತ್ತಾನೆ, ಬರೆಯುವುದಿಲ್ಲ. ಹೊಸದಾಗಿ ಸೇರಿದವರು, ಆ ಅಮ್ಮನ ಕೈ ಬರೆದವರು ನೀವೇನಾ ಎಂದು ಕೇಳಿದರೆ, ಹೌದು, ಹಾಗೆ ಒಂದು ಬರೆದಿದ್ದೆ ಎನ್ನುತ್ತಾನೆ. ಆದರೆ ನಿಲ್ದಾಣದವರೆಗಿನ ನಡಿಗೆಯಲ್ಲಿ ಪ್ರತಿ ಶನಿವಾರ ಅವಳನ್ನು ಏನಾದರೂ ಒಂದು ಕೇಳುತ್ತಾನೆ. ವಾರವಿಡೀ ಅದೊಂದನ್ನೇ ಹೊತ್ತು ತಿರುಗಿದವನಂತೆ ತಡೆತಡೆದು ಕೇಳುತ್ತಾನೆ. ಬಚ್ಚಲಮನೆಯಲ್ಲಿ ಬೆಳಕಿತ್ತಾ? ಪಕ್ಕದ ಮನೆಯವರಿಗೆ ಗೊತ್ತಿತ್ತಾ? ನಾನು ತಂದುಕೊಟ್ಟ ಬಣ್ಣದ ಪೆನ್ಸಿಲುಗಳನ್ನು ಅಮ್ಮ ಏನು ಮಾಡಿದಳು? ಸುಳ್ಳು ಹೇಳಿದರೆ ಅವನು ಹಿಡಿಯುತ್ತಾನೆ. ನಿಜ ಹೇಳಿದರೆ ಅವನ ನಡಿಗೆ ಅಲ್ಲೇ ನಿಧಾನವಾಗುತ್ತದೆ. ಕೇಳಬೇಡ ಅಣ್ಣ, ಕೈ ಮುಗೀತೀನಿ ಎಂದು ಅವಳು ಒಮ್ಮೆ ಬೇಡಿಕೊಂಡಳು. ಸರಿ ಎಂದ. ಮುಂದಿನ ವಾರ ಮತ್ತೆ ಕೇಳಿದ. ಅವನ ಕೈಯಲ್ಲೂ ಅದು ಇರಲಿಲ್ಲ.

ಈ ಶನಿವಾರ ಟೀ ಅಂಗಡಿಯ ಮುಂದೆ ಬರುವವರೆಗೂ ಅವನು ಸುಮ್ಮನಿದ್ದ. ಇವತ್ತು ಇಲ್ಲ, ಇವತ್ತು ಕೇಳುವುದಿಲ್ಲ ಎಂದು ಪುಟ್ಟಿ ಟೀ ಹೇಳಲು ಮುಂದೆ ಹೋದಳು.

“ಪುಟ್ಟಿ, ನಾನು ರಜಾ ಮುಗಿಸಿ ಹೊರಟಾಗ ನೀನು ತಿರುವಿನವರೆಗೂ ನನ್ನ ಹಿಂದೆ ಓಡಿ ಬರ್ತಿದ್ದೆ.”

“ಹೂಂ.”

“ನೀನು ಮನೆಗೆ ವಾಪಸು ಹೋದ ತಕ್ಷಣ ಶುರುವಾಗ್ತಿತ್ತಾ? ಅವತ್ತೇ?”

ಅವನ ಬಸ್ಸು ಬಂದು ನಿಂತಿತು. ಡ್ರೈವರ್ ಹುಡುಗ ಡಿಪೋದಲ್ಲಿ ತನಗೆ ಕೆಲಸ ಕಲಿಸಿದ ಹಳೆಯ ಗುರುವನ್ನು ಗುರುತು ಹಿಡಿದು, “ಬನ್ನಿ ಸಾರ್, ಮುಂದೆ ಬನ್ನಿ, ಸೀಟಿದೆ,” ಎಂದು ಕೂಗಿದ. ಅಣ್ಣ ಮೆಟ್ಟಿಲಿಗೆ ಕಾಲಿಡದೆ ಕಾಯುತ್ತಾ ನಿಂತಿದ್ದ.

“ಅವತ್ತೇ,” ಎಂದಳು ಪುಟ್ಟಿ.

ಅವನು ತಲೆಯಾಡಿಸಿ ಹತ್ತಿದ. ಕಂಬಿ ಹಿಡಿದುಕೊಂಡು, ಸೀಟಿದ್ದರೂ ಕೂರದೆ ನಿಂತ. ಬಸ್ಸು ಹೊರಟಿತು. ಪುಟ್ಟಿ ಎರಡು ಟೀ ಹೇಳಿಯಾಗಿತ್ತು. ಅಂಗಡಿಯವನು ಎರಡೂ ಲೋಟಗಳನ್ನು ಕಟ್ಟೆಯ ಮೇಲೆ ತಂದಿಟ್ಟ.